ಎರಿ ದಾರಿಯ ಸೋಮವಾರ

ನಾನು ಸಾಲಿ ಬಿಟ್ಟದ್ದು ಎರಡನೇ ಜಮಾತಿನಲ್ಲಿ. ಅಪ್ಪ ತೀರಿಕೊಂಡಿದ್ದ. ಮನಿಯಲ್ಲಿ ಎತ್ತುಗಳಿದ್ದವು, ಹಗ್ಗ ಹಿಡಿಯುವವರಿರಲಿಲ್ಲ. ಮಾಸ್ತರರು ಮನಿತನಕ ಬಂದು, "ಹುಡುಗ ಶಾಣ್ಯಾ ಅದಾನ, ಕಳಸ್ರಿ" ಅಂದರು. ಅವ್ವ, "ಎತ್ತು ನೀವು ಮೇಸ್ತೀರೇನ್ರಿ ಮಾಸ್ತರ?" ಅಂತ ಕೇಳಿದಳು. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಇದನ್ನು ನಾಚಿಕೊಂಡು ಹೇಳುತ್ತಿಲ್ಲ. ಓದಿದವರು ಬೇಕಾದಷ್ಟು ಮಂದಿ ಇದ್ದರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ಸೀಮೆಯ ದಾರಿಗಳಲ್ಲಿ ಮಳೆಗಾಲದಲ್ಲೂ ಬಂಡಿ ಮಗುಚದ ಹಾಗೆ ಹೊಡೆಯುವವರು ಎಷ್ಟು ಮಂದಿ ಇದ್ದರು ಎಂದು ಬೇಕಾದರೆ ಹಳಬರನ್ನು ಕೇಳಿ. ಅವರು ಮೊದಲು ಹೇಳುವುದು ನನ್ನನ್ನೇ.

ಕೊಪ್ಪಳದ ಕಡೆ ಕ್ರೈಸ್ತರ ಒಂದು ಸಣ್ಣ ದವಾಖಾನಿ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಕಡಲಾಚೆಯಿಂದ ಬಂದ ಒಬ್ಬ ಹೆಣ್ಣುಮಗಳು. ನರ್ಸು, ಹೆರಿಗೆ ಮಾಡಿಸುವುದರಲ್ಲಿ ಪಳಗಿದ ಕೈ. ವಯಸ್ಸು ಐವತ್ತರ ಹತ್ತಿರ, ಮೈ ಸ್ವಲ್ಪ ಭಾರ, ಮುಖ ಬಿಸಿಲಿಗೆ ಸುಟ್ಟು ಇಟ್ಟಂಗಿಯ ಬಣ್ಣ. ಊರವರೆಲ್ಲ ಮಿಸಮ್ಮ ಅನ್ನುತ್ತಿದ್ದರು. ಅವರ ಕನ್ನಡ ಪಂಡಿತರೊಬ್ಬರಿಂದ ಮತ್ತು ಅವರ ಧರ್ಮದ ಪುಸ್ತಕದಿಂದ ಕಲಿತದ್ದು. "ಎಲೈ ತಾಯಿಯೇ, ನಿನ್ನ ಹೊಟ್ಟೆಯು ಎಲ್ಲಿ ನೋಯುತ್ತದೆ?" ಎಂದು ಕೇಳಿದರೆ ಹೊಟ್ಟೆನೋವಿನವಳೂ ನಗುತ್ತಿದ್ದಳು.

ದವಾಖಾನಿಗೊಂದು ಮೋಟರ್ ಇತ್ತು. ದೊಡ್ಡ ಯುದ್ಧ ಶುರುವಾಗಿ ಪೆಟ್ರೋಲು ಸಿಗದಾದಾಗ ಅದನ್ನು ಹುಣಸೀಗಿಡದ ಕೆಳಗೆ ನಿಲ್ಲಿಸಿದರು. ಕೋಳಿಗಳು ಒಳಗೆ ಹೊಕ್ಕು ತತ್ತಿ ಇಡತೊಡಗಿದವು. ಆಗ ನನಗೆ ಮತ್ತು ಕಮಾನು ಕಟ್ಟಿದ ನನ್ನ ಕೊಲ್ಲಾರಿ ಬಂಡಿಗೆ ಕರೆ ಬಂತು.

ನೌಕರಿಗೆ ನಿಲ್ಲುವ ಮೊದಲೇ ನಾನೊಂದು ಕರಾರು ಹೇಳಿದೆ. "ಸೋಮವಾರ ನಾ ನೊಗ ಹೂಡಂಗಿಲ್ರಿ. ಅವತ್ತು ಬಸವಣ್ಣನ ದಿನ. ನಮ್ಮ ಮಂದಿ ಯಾರೂ ಎತ್ತಿನ ಹೆಗಲಿಗೆ ಕಟಗಿ ಮುಟ್ಟಸೂದಿಲ್ಲ."

ಮಿಸಮ್ಮ ಯೋಚಿಸಿ ಹೇಳಿದರು: "ಭಾನುವಾರ ನಮ್ಮ ವಿಶ್ರಾಂತಿಯ ದಿನ. ಸೋಮವಾರ ನಿನ್ನ ಎತ್ತುಗಳ ವಿಶ್ರಾಂತಿಯ ದಿನ. ಹಾಗಾದರೆ ರೋಗಿಗಳು ಮಂಗಳವಾರದಿಂದ ನರಳಲು ಆರಂಭಿಸಬೇಕೇ?"

"ಅದನ್ನ ರೋಗಿಗಳಿಗೆ ನೀವ ತಿಳಿಸಿ ಹೇಳ್ರಿ" ಅಂದೆ. ಅವರು ಜೋರಾಗಿ ನಕ್ಕರು. ಒಪ್ಪಿದರು. ಆಮೇಲೆ ನನಗೆ ತಿಳಿದದ್ದು, ಅವರಿಗೂ ಒಂದು ಕರಾರಿತ್ತು. ಅದು ಅವರು ತಮಗೆ ತಾವೇ ಹಾಕಿಕೊಂಡದ್ದು. ಯಾವ ಕಾರಣಕ್ಕೂ ಮನುಷ್ಯರ ಹೆಗಲ ಮೇಲೆ ಕೂಡುವುದಿಲ್ಲ ಎನ್ನುವುದು. ಆ ಕಾಲದಲ್ಲಿ ಸರಕಾರದ ಸಾಹೇಬರು ಬಂದರೆ ಊರ ಬಡವರೇ ಬಿಟ್ಟಿ ಹೊರಬೇಕು, ಮೇಣೆಯಾದರೂ ಸರಿ, ಗಂಟುಮೂಟೆಯಾದರೂ ಸರಿ. ಒಮ್ಮೆ ಕುಷ್ಟಗಿ ಕಡೆ ಒಬ್ಬ ಸಾಹೇಬನ ಮೇಣೆ ಹೊತ್ತವನು ಹೆಗಲು ಕೀವುಗಟ್ಟಿ ದವಾಖಾನಿಗೆ ಬಂದ. ಅದನ್ನು ತೊಳೆದು ಕಟ್ಟಿದ ದಿನ ಅವರು ಊಟ ಮಾಡಲಿಲ್ಲ. ಏರು ಬಂದರೆ ಬಂಡಿಯಿಂದಲೂ ಇಳಿದು ನಡೆಯುವವರು ಅವರು, ಎತ್ತಿಗೆ ಭಾರವಾಗುತ್ತದೆಂದು.

ಅವರೊಡನೆ ತಿರುಗಿದ ದಾರಿಗಳನ್ನು ನೆನೆದರೆ ಈಗಲೂ ಸೊಂಟ ನೋಯುತ್ತದೆ. ಗಂಗಾವತಿ ಕಡೆ ಬರೀ ಬಂಡೆಗಲ್ಲು, ಗಾಲಿ ಒಂದು ಸಲ ಮುಗಿಲಿಗೆ, ಒಂದು ಸಲ ಪಾತಾಳಕ್ಕೆ. ಕಡಲ ಮೇಲೆ ವಾರಗಟ್ಟಲೆ ಹಡಗಿನಲ್ಲಿ ಬಂದಾಗ ವಾಂತಿಯಾಗಲಿಲ್ಲವಂತೆ, ನನ್ನ ಬಂಡಿಯಲ್ಲಿ ಆಯಿತು. ವಿರೂಪಾಪುರಗಡ್ಡೆಗೆ ಹೋಗುವಾಗ ಹರಿಗೋಲು ಗರಗರ ತಿರುಗುತ್ತಿದ್ದರೆ ಔಷಧದ ಪೆಟ್ಟಿಗೆಯನ್ನು ಕೂಸಿನಂತೆ ಅವಚಿಕೊಂಡು, ಕಣ್ಣು ಮುಚ್ಚಿ, ತುಟಿ ಆಡಿಸುತ್ತ ಕೂತಿರುತ್ತಿದ್ದರು. ಎಷ್ಟೋ ಊರುಗಳಲ್ಲಿ ಹೆರಿಗೆ ಮಾಡಿಸಲು ಅವರು ಬೇಕು, ಮನಿಯ ಕಟ್ಟೆ ಮೇಲೆ ಕೂಡಲು ಮಾತ್ರ ಬೇಡ. ದನದ ಕೊಟ್ಟಿಗೆಯಲ್ಲಿ ಕೂತು, ಬೊಗಸೆಗೆ ಮೇಲಿಂದ ಹೊಯ್ದ ನೀರು ಕುಡಿದು, "ನೀರು ಬಹಳ ರುಚಿಯಾಗಿದೆ" ಅನ್ನುತ್ತಿದ್ದರು. ನನಗೇ ಸಿಟ್ಟು ಬರುತ್ತಿತ್ತು, ಅವರಿಗೆ ಬರುತ್ತಿರಲಿಲ್ಲ.

ಇವೆಲ್ಲ ತಾಳಿಕೊಳ್ಳಬಹುದಾದ ಕಷ್ಟಗಳು. ತಾಳಲಾಗದ್ದು ಒಂದೇ, ಕುಷ್ಟಗಿ ಯಲಬುರ್ಗಾ ನಡುವಿನ ಎರಿ ಭೂಮಿ. ಒಣಗಿದಾಗ ಕಾಲು ಹೋಗುವಷ್ಟು ಬಿರುಕು ಬಿಡುವ ಕರಿ ಮಣ್ಣು, ಮಳೆ ಬಿದ್ದರೆ ಬೆಲ್ಲದ ಪಾಕ. ಗಾಲಿಗೆ ಸುತ್ತಿಕೊಂಡರೆ ಬಿಡುವುದಿಲ್ಲ. ಆ ಎರಿ ಭೂಮಿಯ ನಡುವಿನ ಒಂದು ಊರಿಗೆ ನನ್ನ ತಂಗಿಯನ್ನು ಕೊಟ್ಟಿದ್ದೆವು.

ನನ್ನ ಬೆನ್ನಿಗೆ ಬಿದ್ದವಳು, ಒಬ್ಬಳೇ. ಅವ್ವ ಹೋದ ಮೇಲೆ ನನಗೆ ನನ್ನವರು ಅಂತ ಉಳಿದವಳು. ಅವಳ ಮೊದಲ ಹೆರಿಗೆಯಲ್ಲಿ ಕೂಸು ಸತ್ತು ಹುಟ್ಟಿತ್ತು. ಎರಡನೇ ಸಲ ಬಸುರಾದಾಗ, ದಿನ ತುಂಬುವ ಮೊದಲೇ ದವಾಖಾನಿಗೆ ಕರೆತರಬೇಕು ಅಂತ ಮಿಸಮ್ಮನೂ ನಾನೂ ಮಾತಾಡಿಕೊಂಡಿದ್ದೆವು. ಅಷ್ಟರಲ್ಲಿ ಹಸ್ತಿ ಮಳೆ ಹಿಡಿದುಕೊಂಡಿತು. ಬಿಟ್ಟೂ ಬಿಡದೆ ಹೊಡೆದು ದಾರಿ ಕಟ್ಟಿತು.

ಒಂದು ಭಾನುವಾರ ಅವರ ಪ್ರಾರ್ಥನೆ ಮುಗಿದು ಮಂದಿ ಚದುರುವ ಹೊತ್ತಿಗೆ ತಂಗಿಯ ಮೈದುನ ಓಡುತ್ತ ಬಂದ. ತೊಡೆತನಕ ಕೆಸರು. ಬಂದವನೇ ನನ್ನ ಮುಂದೆ ಕುಕ್ಕರಿಸಿದ.

"ಮಾವಾ, ನಿನ್ನೆಯಿಂದ ಬ್ಯಾನಿ ತಿನ್ನಾಕತ್ತಾಳ. ಕೂಸಿನ ಕೈ ಹೊರಗ ಬಂದೈತಿ."

ನನಗೆ ಪೂರ್ತಿ ಅರ್ಥವಾಗಲಿಲ್ಲ. ಮಿಸಮ್ಮನಿಗೆ ಆಯಿತು. ಕೈಯಲ್ಲಿದ್ದ ಪುಸ್ತಕವನ್ನು ಅಲ್ಲೇ ಬಾಗಿಲ ಬಳಿ ಇಟ್ಟು ಪೆಟ್ಟಿಗೆ ತರಲು ಒಳಗೆ ಹೋದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊರಗೆ ಬಂದವರು ನನ್ನ ಮುಖ ನೋಡಿ, "ಮಗು ಅಡ್ಡ ಬಿದ್ದಿದೆ. ನಾನು ಅದನ್ನು ಒಳಗೇ ತಿರುಗಿಸಬೇಕು. ತಡವಾದರೆ ತಿರುಗಿಸಲು ಆಗುವುದಿಲ್ಲ. ಇಬ್ಬರೂ ಹೋಗುತ್ತಾರೆ" ಅಂದರು. ಆಮೇಲೆ ಮೆಲ್ಲಗೆ, "ನಾಳೆ ಸೋಮವಾರ" ಅಂದರು.

ನಾನು ಎತ್ತು ಬಿಚ್ಚಿಕೊಂಡು ಬಂದು ಹೂಡಿದೆ.

ಕೆಂಪು ಮಸಾರಿ ನೆಲದಲ್ಲಿ ಬಂಡಿ ಹಾರಿಕೊಂಡು ಹೋಯಿತು. ನನ್ನ ಎತ್ತುಗಳ ಬಗ್ಗೆ ನಾನೇ ಹೇಳಬಾರದು, ಆದರೂ ಹೇಳುತ್ತೇನೆ. ಒಂದು ಬಿಳೇದು, ಒಂದು ಮಸಕು, ಜೋಡಿಯೆಂದರೆ ಅದು. ಸಂಜೆಗೆ ಹಿರೇಹಳ್ಳದ ದಂಡೆ ಮುಟ್ಟಿದೆವು. ಹಳ್ಳ ಸೊಕ್ಕಿ ಹರಿಯುತ್ತಿತ್ತು. ಜಾಲಿ ಗಿಡಗಳು ಬೇರುಸಹಿತ ತೇಲಿ ಹೋಗುತ್ತಿದ್ದವು. ಮೈದುನ ಈಜಿ ದಾಟಲು ನಿಂತ. "ನೀ ಮುಳುಗಿದ್ರ ಆಕಿಗೇನು ಲಾಭ?" ಅಂತ ಅಂಗಿ ಹಿಡಿದು ಎಳೆದೆ. ಬಂಡಿಯ ಕಮಾನಿನ ಕೆಳಗೆ ಮಿಸಮ್ಮ, ಬಂಡಿಯ ಕೆಳಗೆ ನಾವಿಬ್ಬರು, ಹಾಗೇ ಬೆಳಗಾಯಿತು. ನೀರು ಎದೆಮಟ್ಟಕ್ಕೆ ಇಳಿದ ಕೂಡಲೇ ಮೈದುನ ದಾಟಿ, "ಬರಾಕತ್ತಾರಂತ ಹೇಳ್ತೀನಿ" ಅಂತ ಅಡ್ಡಹಾದಿ ಹಿಡಿದು ಓಡಿಹೋದ. ಬಂಡಿ ದಾಟುವಷ್ಟು ನೀರು ಇಳಿಯಲು ಇನ್ನೂ ಹೊತ್ತು ಬೇಕಾಯಿತು. ಆ ಹೊತ್ತು ನಾನು ಹಳ್ಳದ ನೀರನ್ನು ನೋಡುತ್ತ ಕೂತಂತೆ ಯಾವ ದೇವರನ್ನೂ ನೋಡುತ್ತ ಕೂತವನಲ್ಲ.

ದಾಟಿದ ಮೇಲೆ ಎರಿ ಶುರುವಾಯಿತು. ನಾಲ್ಕು ಮಾರು ಹೋಗುವುದು, ನಿಲ್ಲುವುದು. ಗಾಲಿಗೆ ಮಣ್ಣು ಹುಲ್ಲು ಕೂಡಿ ಸುತ್ತಿಕೊಂಡು ಬೀಸುವ ಕಲ್ಲಿನಷ್ಟು ದಪ್ಪವಾಗುತ್ತಿತ್ತು. ನಾನು ಹಾರೆಯಿಂದ ಕೆರೆಯುತ್ತಿದ್ದೆ. ಇನ್ನೊಂದು ಗಾಲಿಯನ್ನು ಮಿಸಮ್ಮ ಕುರುಪಿಯಿಂದ ಕೆರೆಯುತ್ತಿದ್ದರು, ಲಂಗ ಮೊಣಕಾಲಿಗೆ ಎತ್ತಿ ಕಟ್ಟಿ. "ನೀವು ಕುಂದರ್ರಿ ಅಮ್ಮಾ" ಅಂದರೆ, "ಕುಳಿತರೆ ನಾನು ಮಣ್ಣಿಗಿಂತ ಭಾರ" ಅಂದರು. ನಗು ಬರುವ ಮಾತು. ಇಬ್ಬರೂ ನಗಲಿಲ್ಲ. ತಂಗಿಯ ಊರು ಇನ್ನೂ ಎರಡು ಹರದಾರಿ ಇತ್ತು.

ಒಂದು ಇಳಿಜಾರಿನಲ್ಲಿ ಮಸಕು ಎತ್ತು ಜಾರಿತು. ಎತ್ತು ಬೀಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಹೀಗೆ ಬಿದ್ದದ್ದನ್ನು ನೋಡಿರಲಿಲ್ಲ. ಹಿಂಗಾಲು ಎರಡೂ ಎರಡು ಕಡೆ ಸೀಳಿಕೊಂಡು ಹೊಟ್ಟೆ ನೆಲಕ್ಕೆ ಕೂತಿತು. ಕೂಗಲಿಲ್ಲ. ನನ್ನ ಕಡೆ ನೋಡಿತು. ನೊಗ ಕಳಚಿ, ಹೆಗಲು ಕೊಟ್ಟು ಎತ್ತಿದೆ, ಬೈದೆ, ಬಾಲ ತಿರುವಿದೆ. ಮಿಸಮ್ಮ ಕೆಸರಿನಲ್ಲಿ ಮಂಡಿಯೂರಿ ಅದರ ತೊಡೆ ಮುಟ್ಟಿ ನೋಡಿ, "ಮುರಿದಿಲ್ಲ. ಕೀಲು ಉಳುಕಿದೆ. ಇವತ್ತು ಏಳುವುದಿಲ್ಲ" ಅಂದರು.

ಎದುರಿಗೆ ಒಂದು ಊರು ಕಾಣುತ್ತಿತ್ತು. ಎತ್ತು ಕೇಳಿ ತರುತ್ತೇನೆಂದು ಓಡಿದೆ. ಮಿಸಮ್ಮನೂ ಪೆಟ್ಟಿಗೆ ಎತ್ತಿಕೊಂಡು ಹಿಂದೆ ಬಂದರು, ತಲೆ ಮೇಲೆ ಆ ಬಿಳಿ ಬುಟ್ಟಿಯಂಥ ಬಿಸಿಲು ಟೋಪಿ. ಮೋಡ ಕವಿದಿದ್ದರೂ ಅದನ್ನು ಅವರು ತೆಗೆಯುತ್ತಿರಲಿಲ್ಲ, ವೈದ್ಯರು ಹೇಳಿದ್ದರಂತೆ.

ಊರಲ್ಲಿ ಒಂದೂ ಎತ್ತಿರಲಿಲ್ಲ. ಒಬ್ಬ ಗಂಡಸೂ ಇರಲಿಲ್ಲ. ಊರ ಅಗಸಿ ಬಾಗಿಲ ಒಳಗೆ ಮೊದಲ ಮನಿಯ ಕಟ್ಟೆ ಮೇಲೆ ಒಬ್ಬ ಮುದುಕಿ ಕೂತು ಹತ್ತಿ ಬಿಡಿಸುತ್ತಿದ್ದಳು.

"ಯಮ್ಮಾ, ಒಂದು ಜೋಡಿ ಎತ್ತು ಬೇಕಾಗಿತ್ತು. ಭಾಳ ತ್ರಾಸ ಬಂದೈತಿ."

"ಎತ್ತು ಎಲ್ಲಿ ಅದಾವಪ್ಪಾ. ಬ್ಯಾನಿ ಬಂದು ಎಲ್ಲಾ ಸತ್ತುವು."

"ಗಂಡಸರು?"

"ಅವರೂ ಹಂಗ."

"ಅವರೂ ಸತ್ತರೇನು?"

"ಸತ್ತಂಗ ತಿಳಕೊ" ಅಂದಳು, ತಲೆ ಎತ್ತದೆ.

ಕೊಟ್ಟಿಗೆಯಲ್ಲಿ ಇಣುಕಿದೆ. ಸಗಣಿ ಇನ್ನೂ ಹಬೆಯಾಡುತ್ತಿತ್ತು. ಗೋದಲಿಯಲ್ಲಿ ಅರ್ಧ ತಿಂದ ಕಣಿಕೆ. ಆಗ ನನಗೆ ಹೊಳೆಯಿತು. ಅದು ಲೆವಿಯ ಕಾಲ. ಸರಕಾರದವರು ಬಂದು ನೆಲದೊಳಗಿನ ಹಗೇವು ತೆಗೆಸಿ ಜೋಳ ಅಳೆದುಕೊಂಡು, ಊರವರದೇ ಬಂಡಿ, ಊರವರದೇ ಎತ್ತು ಬಿಟ್ಟಿ ಹಿಡಿದು ಒಯ್ಯುತ್ತಿದ್ದರು. ಹೋದ ಎತ್ತು ಒಮ್ಮೊಮ್ಮೆ ಬರುತ್ತಿದ್ದವು, ಒಮ್ಮೊಮ್ಮೆ ಇಲ್ಲ. ದೂರದಿಂದ ಸಾಹೇಬರದಂಥ ಆ ಟೋಪಿ ಕಂಡದ್ದೇ ತಡ, ಊರು ಊರೇ ಎತ್ತು ಹೊಡೆದುಕೊಂಡು ಊರ ಹಿಂದಿನ ಹಳ್ಳದ ತಗ್ಗಿನಲ್ಲಿ ಅಡಗಿತ್ತು. ನನ್ನ ತಂಗಿಯನ್ನು ಉಳಿಸಬೇಕಾದವರನ್ನು ನೋಡಿ, ಜೋಳ ಒಯ್ಯಲು ಬಂದವರೆಂದು ತಿಳಿದು.

ನನಗೆ ತಲೆ ಕೆಟ್ಟಿತು. ನಡು ಓಣಿಯಲ್ಲಿ ನಿಂತು ಒದರಿದೆ: "ಲೆವಿ ಅಲ್ರೋ! ಸೂಲಗಿತ್ತಿ ಈಕಿ! ನನ್ನ ತಂಗಿ ಸಾಯಾಕತ್ತಾಳ!" ಯಾರೂ ಬರಲಿಲ್ಲ. ನಾಯಿಗಳು ಬೊಗಳಿದವು.

ಮಿಸಮ್ಮ ಟೋಪಿ ತೆಗೆದರು. ಕೆಳಗೆ ಕೂದಲು ಬೆಳ್ಳಗೆ, ಬೆವರಿಗೆ ಅಂಟಿಕೊಂಡು, ಯಾವುದೋ ಬಡ ಮುದುಕಿಯ ತಲೆಯಂತೆ ಕಂಡಿತು. ಕಟ್ಟೆಯ ಕೆಳಗೆ ನೆಲದ ಮೇಲೆ ಕೂತರು.

ಮುದುಕಿ ಹತ್ತಿ ಬಿಡಿಸುವುದನ್ನು ನಿಲ್ಲಿಸಿದಳು. "ಸೂಲಗಿತ್ತಿ ಅಂತೀಯಲ್ಲ. ನಾನೂ ಸೂಲಗಿತ್ತೀನ. ಆ ಕಡಿಗೇನಾಗೈತಿ?"

"ಕೈ ಹೊರಗೆ ಬಂದಿದೆ" ಅಂದರು ಮಿಸಮ್ಮ.

"ಹಂಗಾರ ಮುಗೀತಲ್ಲ."

"ಮುಗಿದಿಲ್ಲ." ಮಿಸಮ್ಮ ಬಲಗೈಯ ಬೆರಳು ಐದನ್ನೂ ಕೂಡಿಸಿ ಮೊಗ್ಗಿನಂತೆ ಮಾಡಿದರು. ಎಡಗೈಯನ್ನು ತಮ್ಮ ಹೊಟ್ಟೆಯ ಮೇಲಿಟ್ಟು ಮೇಲಿಂದ ಒತ್ತುವಂತೆ ತೋರಿಸಿ, ಬಲಗೈಯನ್ನು ಕೆಳಗಿಂದ ಗಾಳಿಯಲ್ಲಿ ಮೆಲ್ಲಗೆ ತೂರಿಸಿ, ಏನನ್ನೋ ಹುಡುಕಿ, ಹಿಡಿದು, ತಿರುಗಿಸಿ ತಂದರು. "ಕಾಲು ಹಿಡಿಯಬೇಕು" ಅಂದರು.

ಮುದುಕಿ ಆ ಕೈಯನ್ನೇ ನೋಡಿದಳು. ಕಟ್ಟೆಯಿಂದ ಇಳಿದು ಬಂದು ಅದನ್ನು ತನ್ನ ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿದಳು. "ಕೈ ಸಣ್ಣದೈತಿ. ಉಗುರ ತಗದಾಳ" ಅಂತ ತನಗೇ ಹೇಳಿಕೊಂಡಳು. ಆಮೇಲೆ ಮನಿಯ ಹಿಂದೆ ಹೋಗಿ ಆ ವಯಸ್ಸಿಗೆ ಎಲ್ಲಿತ್ತೋ ಆ ಧ್ವನಿ, ಹಳ್ಳದ ಕಡೆ ಮುಖ ಮಾಡಿ ಕೂಗಿದಳು: "ಬರ್ರೋ ಹೇಡಿಗಳ್ಯಾ! ಹೆಂಗಸು ಬಂದಾಳ, ಹುಲಿ ಬಂದಿಲ್ಲ!"

ಬಂದರು. ಒಬ್ಬೊಬ್ಬರಾಗಿ, ಎತ್ತುಗಳ ಸಮೇತ. ಎಂಥ ಎತ್ತುಗಳು! ಊರ ಗೌಡನ ಜೋಡಿಯಂತೂ ಕೊಂಬಿನಿಂದ ಗೊರಸಿನವರೆಗೆ ಎರಕ ಹೊಯ್ದಂತಿತ್ತು. ನನ್ನ ಜೀವ ಮರಳಿ ಬಂದ ಹಾಗಾಯಿತು. ಕೈ ಮುಗಿದು ಎಲ್ಲ ಹೇಳಿದೆ.

ಗೌಡ ಕೇಳಿಕೊಂಡ. ಬಿಳಿ ಮೀಸೆ, ಒಳ್ಳೆಯ ಮುಖ. "ಲೆವಿ ಅಲ್ಲಂದ್ರ ಸಮಾಧಾನ. ಆದ್ರ ತಮ್ಮಾ, ಇವತ್ತು ಯಾವ ವಾರ?"

ನನ್ನ ಕೈ ಕೊರಳಿನ ಲಿಂಗದ ಕಡೆ ಹೋಯಿತು.

"ಕೊಳ್ಳಾಗ ಲಿಂಗ ಐತಲ್ಲ. ನಮ್ಮವನ ಅದೀ. ನೀ ಹೂಡಿಕೊಂಡು ಬಂದಿಯೇನು?"

"ಹೂಡಿದೆ ಗೌಡ್ರ. ತಂಗಿ."

"ಅಲ್ಲಿ ಇಳಕಲಿನ್ಯಾಗ ಬಿದ್ದದ್ದು ನಿನ್ನ ಎತ್ತೇನು?" ಅಂತ ಹಿಂದಿನಿಂದ ಒಬ್ಬ ಕೇಳಿದ. "ಬಸವಣ್ಣ ಕೇಳಾಕ ಮಂಗಳವಾರದ ತನಕಾ ಕಾಯಲಿಲ್ಲ ನೋಡು." ಇಬ್ಬರು ಮೂವರು ನಕ್ಕರು.

ಇನ್ನೊಂದು ದಿನವಾಗಿದ್ದರೆ ಅವನ ಹಲ್ಲು ನನ್ನ ಕೈಯಲ್ಲಿರುತ್ತಿದ್ದವು. ಆ ದಿನ ನನ್ನ ತಲೆಯ ಪಟಗ ತೆಗೆದು ಗೌಡನ ಕಾಲ ಬಳಿ ಇಟ್ಟೆ. ಯಾರ ಮುಂದೆಯೂ ಇಟ್ಟವನಲ್ಲ ನಾನು, ತಹಶೀಲ್ದಾರನ ಮುಂದೆಯೂ ಇಟ್ಟಿಲ್ಲ. "ಪಾಪ ನನಗಿರಲಿ ಗೌಡ್ರ. ನೊಗ ನಾನ ಹೂಡ್ತೀನಿ, ನೀವು ಮುಟ್ಟಬ್ಯಾಡ್ರಿ. ಎತ್ತು ಕೊಡ್ರಿ ಸಾಕು."

ಗೌಡ ಪಟಗ ಎತ್ತಿ ನನ್ನ ತಲೆಗೆ ತಾನೇ ಇಟ್ಟ. "ಹ್ವಾದ ವರ್ಷ ನನ್ನ ಮೊಮ್ಮಗನಿಗೆ ಹಾವು ಮುಟ್ಟಿತು. ಅವತ್ತೂ ಸೋಮವಾರ. ಇವ ಎತ್ತು ಕೊಟ್ಟಿಗ್ಯಾಗ ನಿಂತಿದ್ದುವು. ಹೂಡಲಿಲ್ಲ ನಾನು. ಹೆಗಲ ಮ್ಯಾಲ ಹೊತಗೊಂಡು ಓಡಿದೆ."

"ಉಳದನೇನ್ರಿ?" ಅಂದೆ.

ಅವನು ಪಕ್ಕದ ಎತ್ತಿನ ಹಣೆ ಸವರಿದ. "ನನ್ನ ಮನಿ ಕೂಸಿಗೆ ಹೂಡದಿದ್ದವ ನಿನಗ ಹೆಂಗ ಹೂಡ್ಲಿ ಹೇಳು. ಹೆಗಲು ಕೊಡ್ತೀವಿ. ನೊಗ ಕೊಡೂದಿಲ್ಲ." ಹಿಂದೆ ತಿರುಗಿ, "ಏ, ಒಂದು ಹೊರಸು ತರ್ರಿ" ಅಂದ.

ಹೊರಸು ಬಂತು, ಹಗ್ಗ ಹೆಣೆದ ಮಂಚ. ಎರಡು ಬಿದಿರ ಗಳ ಬಂದವು. ಕಟ್ಟಿದರು. ಎಂಟು ಜನ ಗಟ್ಟಿ ಆಳು ನಿಂತರು. ನನ್ನನ್ನು ನೋಡಿ ನಕ್ಕವನೂ ಅವರಲ್ಲಿ ಒಬ್ಬ.

ಮಿಸಮ್ಮ ಹಿಂದೆ ಸರಿದರು. "ಇಲ್ಲ. ನಾನು ಮನುಷ್ಯರ ಮೇಲೆ ಕುಳಿತು ಹೋಗುವುದಿಲ್ಲ. ನಡೆಯುತ್ತೇನೆ."

ನಡೆದರು ಕೂಡ. ನಾನು ಪೆಟ್ಟಿಗೆ ಹೊತ್ತು ಹಿಂದೆ, ಹೊರಸು ಹೊತ್ತವರು ಅದರ ಹಿಂದೆ. ಮೊದಲ ಹೊಲ ದಾಟುವುದರೊಳಗೆ ಅವರ ಬೂಟು ಎರಿಯಲ್ಲಿ ಉಳಿಯಿತು. ಬರಿಗಾಲಲ್ಲಿ ನಡೆದರು. ಬಿದ್ದರು. ಎದ್ದರು. ಮತ್ತೆ ಬಿದ್ದಾಗ ಏಳಲು ನನ್ನ ಕೈ ಹಿಡಿದರು. ಆ ಕೈ ನಡುಗುತ್ತಿತ್ತು. ಆ ನಡುಕ ನೋಡಿ ನನಗೆ ಹೆದರಿಕೆಯಾಯಿತು. ಮುದುಕಿ ಮೆಚ್ಚಿದ ಕೈ ಅದು. ತಂಗಿಯ ಜೀವ ಇದ್ದದ್ದು ಆ ಕೈಯಲ್ಲಿ.

"ಅಮ್ಮಾ, ಏರ್ರಿ."

"ಬೇಡ. ನನ್ನ ಕರ್ತನು ಕತ್ತೆಯ ಮೇಲೆ ಹೋದನು. ಮನುಷ್ಯರ ಮೇಲೆ ಹೋಗಲಿಲ್ಲ."

"ನಿಮ್ಮ ಕರ್ತನಿಗೆ ಕತ್ತಿ ಸಿಕ್ಕಿತ್ತು! ನನಗ ಅದೂ ಇಲ್ಲ!" ಹಾಗೆ ಒದರಿದೆ ನಾನು, ಅನ್ನ ಕೊಟ್ಟ ತಾಯಿಗೆ. "ನಡಕೋತ ಹೋಗಿ ಮುಟ್ಟೀರಿ, ಆ ಮ್ಯಾಲ ಈ ಕೈಲೆ ಏನ್ ಹಿಡೀತೀರಿ? ಕಾಲು ಹಿಡೀತೀರಾ? ನೋಡ್ರಿ, ನೋಡ್ರಿ ಹೆಂಗ ನಡಗಾಕತ್ತೈತಿ!"

ಅವರು ತಮ್ಮ ಕೈಯನ್ನು ನೋಡಿಕೊಂಡರು. ಹೊರಸು ಹೊತ್ತವರು ಕಾಯುತ್ತ ನಿಂತಿದ್ದರು. ಒಬ್ಬ ಹೇಳಿದ: "ಬರ್ರಿ ಅಮ್ಮಾರ, ನಮಗೇನು ಬಿಟ್ಟಿ ಅಲ್ಲ ಇದು. ಬಿಟ್ಟಿಗೆ ಕರದ್ರ ನಾವು ಹಳ್ಳದಾಗ ಇರ್ತಿದ್ವಿ."

ಮಿಸಮ್ಮ ಪೆಟ್ಟಿಗೆ ಪಕ್ಕಕ್ಕಿಟ್ಟುಕೊಂಡು ಹೊರಸಿನ ಮೇಲೆ ಕೂತರು. ಎತ್ತಿದಾಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಳುತ್ತಿದ್ದರೋ ಪ್ರಾರ್ಥಿಸುತ್ತಿದ್ದರೋ ನಾನು ನೋಡಲಿಲ್ಲ. ನೋಡಲು ಪುರಸೊತ್ತಿರಲಿಲ್ಲ, ನನ್ನ ಹೆಗಲೂ ಒಂದು ಗಳದ ಕೆಳಗಿತ್ತು.

ಮನುಷ್ಯರ ಕಾಲಿಗೆ ಎರಿ ಅಂಟಿದರೂ ಬಿಡಿಸಿಕೊಳ್ಳಬಹುದು. ಗಾಲಿಯಂತೆ ಅಲ್ಲ. ಗೌಡನ ಮಂದಿ ಹೆಗಲು ಬದಲಿಸುತ್ತ, ಒಬ್ಬರನ್ನೊಬ್ಬರು ಬೈಯುತ್ತ ನಡೆದರು. "ದೊರಸಾನಿ ಹಗುರದಾಳೋ, ನಮ್ಮ ಗೌಡನ್ನ ಹೊತ್ತಿದ್ರ ಗೊತ್ತಾಗತಿತ್ತು." "ಗೌಡ ಸತ್ತಾಗ ಹೊರೂದೈತಲ್ಲ, ಅವತ್ತು ಗೊತ್ತಾಗ್ತೈತಿ ಬಿಡು." ತಂಗಿಯ ಊರ ಭಾವಿಯ ಹತ್ತಿರ ಬಂದಾಗ, ಹೆಗಲ ಮೇಲಿನ ಹೊರಸು ಕಂಡು ನೀರಿಗೆ ಬಂದಿದ್ದ ಹೆಂಗಸೊಬ್ಬಳು ಕೊಡ ಇಳಿಸಿ ಅಳಲು ಶುರುಮಾಡಿದಳು. ಯಾರೋ ಸತ್ತಿದ್ದಾರೆಂದು ತಿಳಿದು. "ಅಳಬ್ಯಾಡಬೇ, ಕುಂತಾಳ ನೋಡು, ಜೀವಂತ ಅದಾಳ" ಅಂದ ನಮ್ಮವನೊಬ್ಬ. ಅವಳು ಮಿಸಮ್ಮನನ್ನು ನೋಡಿದಳು. ಆದರೂ ಅಳು ನಿಲ್ಲಿಸಲಿಲ್ಲ. ಅವಳು ಬೇರೆ ಯಾರಿಗಾಗಿಯೋ ಅಳುತ್ತಿದ್ದಾಳೆ ಅನಿಸಿತು.

ಮೈದುನ ಬಾಗಿಲಲ್ಲಿ ನಿಂತಿದ್ದ. "ಇನ್ನೂ ಅದಾಳ" ಅಂದ. ಅಷ್ಟೇ. ಮಿಸಮ್ಮ ಹೊರಸು ಇಳಿಯುವ ಮೊದಲೇ ಬಿಸಿನೀರು ಕೇಳಿದರು. ಒಳಗೆ ಹೋದರು. ಬಾಗಿಲು ಹಾಕಿದರು.

ಹೊರಗೆ ಗೋಡೆಗೆ ಹಣೆ ಹಚ್ಚಿ ನಿಂತೆ. ತಂಗಿ ಕೂಗಿದ್ದರೆ ಚೆನ್ನಾಗಿತ್ತು. ಕೂಗುತ್ತಿರಲಿಲ್ಲ. ಮಿಸಮ್ಮನ ದನಿ ಮಾತ್ರ ಆಗಾಗ, ಆ ಪುಸ್ತಕದ ಕನ್ನಡದಲ್ಲಿ, "ತಾಯಿಯೇ, ಉಸಿರು ಬಿಡು, ತಾಯಿಯೇ, ಉಸಿರು ಬಿಡು" ಅಂತ. ಹೊರಸು ಹೊತ್ತವರು ಹೋಗದೆ ಓಣಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಯಾರೂ ಬೀಡಿ ಕೂಡ ಹಚ್ಚಲಿಲ್ಲ.

ಹೊತ್ತು ವಾಲಿದ ಮೇಲೆ ಬಾಗಿಲು ತೆರೆಯಿತು. ಮಿಸಮ್ಮನ ಬಲಗೈ ಮೊಣಕೈ ತನಕ ಬಾತು ಕೆಂಪಾಗಿತ್ತು. ನೀರಿನ ತಂಬಿಗೆ ಹಿಡಿಯಲಾಗಲಿಲ್ಲ, ನಾನೇ ಹೊಯ್ದೆ.

"ನಿನ್ನ ತಂಗಿ ಬದುಕುವಳು" ಅಂದರು. "ಮಗುವನ್ನು ತಿರುಗಿಸಿದೆ. ಆದರೆ ಅದು ಹೋಗಿತ್ತು. ಬೆಳಗಿನ ತನಕ ಮಿಸುಕುತ್ತಿತ್ತೆಂದು ಒಳಗಿನ ಹೆಂಗಸರು ಹೇಳುತ್ತಾರೆ."

ಗಂಡುಕೂಸು. ತೊಳೆದು ಹಳೇ ಸೀರೆಯಲ್ಲಿ ಸುತ್ತಿ ಕೊಟ್ಟರು. ಹೊಲದಲ್ಲಿ ಕುಣಿ ತೋಡಿದವನು ನಾನೇ. ನನ್ನ ಜೊತೆ, ಬೆಳಿಗ್ಗೆ ನನ್ನನ್ನು ನೋಡಿ ನಕ್ಕವನು ಸನಿಕೆ ಹಿಡಿದ. ಆ ಮಣ್ಣು ಸನಿಕೆಗೂ ಅಂಟಿಕೊಳ್ಳುತ್ತಿತ್ತು, ಕೂಸಿನ ಮೇಲೆ ಬೀಳಲು ಒಲ್ಲೆನೆನ್ನುವ ಹಾಗೆ. ಕೈಯಿಂದಲೇ ತಳ್ಳಿದೆವು.

ಮಿಸಮ್ಮ ಆ ರಾತ್ರಿ ತಂಗಿಯ ಬಳಿ ಕೂತೇ ಇದ್ದರು. ಬೆಳಿಗ್ಗೆ ಜ್ವರ ಇರಲಿಲ್ಲ. ಗಂಜಿ ಕುಡಿದಳು. ನಾನು ಹೊಸ್ತಿಲ ಒಳಗೆ ಕೂತಿದ್ದೆ. ಅಷ್ಟರಲ್ಲಿ ಹೊರಗೆ ಗೆಜ್ಜೆಯ ಸಪ್ಪಳವಾಯಿತು. ಬಂಡಿಯೊಂದು ಬಂದು ನಿಂತಿತು. ಎದ್ದು ನೋಡಿದೆ. ನನ್ನದೇ ಕೊಲ್ಲಾರಿ ಬಂಡಿ, ಗಾಲಿ ಕೆರೆದು ತೊಳೆದದ್ದು. ಅದಕ್ಕೆ ಹೂಡಿದ್ದು ಗೌಡನ ಆ ಎತ್ತುಗಳು. ಗೌಡ ಸ್ವತಃ ಹೊಡೆದುಕೊಂಡು ಬಂದಿದ್ದ. ಮಸಕು ಎದ್ದು ನಿಂತಿದೆ, ಮೇವು ಮುಟ್ಟಿದೆ ಅಂತ ಹೇಳಿದ. ಒಳಗೆ ಬರಲಿಲ್ಲ. ಕೆಳಗಿಳಿದು ನೊಗ ಹಿಡಿದುಕೊಂಡೇ ನಿಂತ.

ತಂಗಿ ಮಲಗಿದ್ದಲ್ಲಿಂದ ಬಾಗಿಲ ಮೂಲಕ ಎತ್ತುಗಳನ್ನು ನೋಡಿದಳು. ಒಕ್ಕಲುತನದ ಮನಿಯ ಹೆಣ್ಣುಮಗಳು, ಎತ್ತು ನೋಡಿದರೆ ಅವಳಿಗೆ ಗೊತ್ತಾಗುತ್ತದೆ.

"ಭಾಳ ಛಲೋ ಅದಾವು" ಅಂದಳು. ಆಮೇಲೆ, "ಇವು ನಿನ್ನೆ ಎಲ್ಲಿದ್ದುವಣ್ಣಾ?"

ಮಿಸಮ್ಮ ನನ್ನ ಕಡೆ ನೋಡಿದರು. ನಿನ್ನೆ ಯಾವ ವಾರವೆಂಬುದು ತಂಗಿಗೂ ಗೊತ್ತಿತ್ತು. ನಾನು ಬಸವಣ್ಣನ ಹೆಸರು ತೆಗೆದಿದ್ದರೆ ಅವಳು ಮಲಗಿದ್ದಲ್ಲಿಂದಲೇ ಕೈ ಮುಗಿಯುತ್ತಿದ್ದಳು. ಆ ಕೈ ಮುಗಿಯುವುದನ್ನು ನೋಡುವ ಶಕ್ತಿ ನನಗಿರಲಿಲ್ಲ.

ಕೊಡ ತೆಗೆದುಕೊಂಡು ಹೊರಗೆ ಹೋದೆ. ಎತ್ತುಗಳು ಆ ಕೆಸರಲ್ಲಿ ಎರಡು ಹರದಾರಿ ಬಂದಿದ್ದವು. ನೀರು ಕುಡಿಸಿದೆ.